ಎಂಟು ಕೊಂಬು, ಒಬ್ಬಳು ಮಾಸ್ತಮ್ಮ

ಸಾಗರದ ಮನೆಗಳಿಗೆ ರೇಡಿಯೋ ಬರುತ್ತಿದ್ದದ್ದು ಭದ್ರಾವತಿಯಿಂದ. ಆದರೆ ಕೆಳದಿ, ಇಕ್ಕೇರಿ, ತಾಳಗುಪ್ಪದ ಕಡೆಯಿಂದ ಪೇಟೆಗೆ ಬಂದು ಹೋಗುವ ಜನ "ರೇಡಿಯೋದಲ್ಲಿ ಹೇಳಿದ್ರು" ಅಂದರೆ ಅದು ಭದ್ರಾವತಿಯ ಮಾತಲ್ಲ, ಮಂಜುನಾಥಪ್ಪನ ಕೊಂಬಿನ ಮಾತು.

ಬಸ್ ಸ್ಟ್ಯಾಂಡಿನ ಎದುರಿನ ಮಹಡಿಯಲ್ಲಿ ಮಂಜುನಾಥಪ್ಪನದು ರೇಡಿಯೋ ರಿಪೇರಿ ಅಂಗಡಿ. ಎಪ್ಪತ್ತೈದನೇ ಇಸವಿಯಲ್ಲಿ ಪೊಲೀಸರ ಅನುಮತಿ, ಪುರಸಭೆಯ ಪರವಾನಗಿ ಎರಡನ್ನೂ ಮಾಡಿಸಿಕೊಂಡು, ಬಸ್ ಸ್ಟ್ಯಾಂಡಿನಿಂದ ಮಾರ್ಕೆಟ್ ರಸ್ತೆಯ ಕೊನೆಯವರೆಗೆ ಕಂಬ ಕಂಬಕ್ಕೆ ವೈರು ಎಳೆದು ಎಂಟು ಲೌಡ್ ಸ್ಪೀಕರ್ ಕಟ್ಟಿಸಿದ. ಉದ್ದ ಕುತ್ತಿಗೆಯ, ಅಗಲ ಬಾಯಿಯ ಅವನ್ನು ಜನ ಕೊಂಬು ಅಂದರು. ಬೆಳಿಗ್ಗೆ ಏಳಕ್ಕೆ ದೇವರನಾಮ, ಆಮೇಲೆ ಸಿನಿಮಾ ಹಾಡು, ಎರಡು ಹಾಡಿನ ನಡುವೆ ಅಂಗಡಿಗಳ ಜಾಹೀರಾತು. ತಿಂಗಳಿಗೆ ಇಷ್ಟು ಅಂತ ಅಂಗಡಿಯವರು ಕೊಡುತ್ತಿದ್ದರು. ಬೋರ್ಡಿನ ಮೇಲೆ 'ನಾದಶ್ರೀ ಧ್ವನಿ ಪ್ರಚಾರ' ಅಂತ ಇದ್ದರೂ ಆ ಹೆಸರನ್ನು ಓದಿದವರು ಕಡಿಮೆ.

ಎಲ್ಲ ಸರಿ, ಒಂದೇ ಒಂದು ತೊಂದರೆ. ಮಂಜುನಾಥಪ್ಪನಿಗೆ ಮೈಕಿನ ಮುಂದೆ ಕೂತರೆ ಗಂಟಲು ಕಟ್ಟುತ್ತಿತ್ತು. ಎದುರು ಸಿಕ್ಕವರ ಹತ್ತಿರ ಒಂದು ಗಂಟೆ ಹರಟೆ ಹೊಡೆಯುವ ಮನುಷ್ಯ, ಗುಂಡಿ ಒತ್ತಿದ ಕೂಡಲೇ "ಮಾನ್ಯ ಪ್ರಯಾಣಿಕರ ಗಮನಕ್ಕೆ" ಅಂದು ಕೆಮ್ಮಿ, ಮತ್ತೆ ಮೊದಲಿಂದ "ಮಾನ್ಯ ಪ್ರಯಾಣಿಕರ" ಅಂದು, ಕಡೆಗೆ ಹಾಡು ಹಾಕಿಬಿಡುತ್ತಿದ್ದ.

ಆ ಮಹಡಿಯ ಮೆಟ್ಟಿಲ ಬುಡದಲ್ಲಿ ಮಾಸ್ತಮ್ಮ ಹೂವಿನ ಬುಟ್ಟಿ ಇಟ್ಟುಕೊಂಡು ಕೂರುತ್ತಿದ್ದಳು. ಮೂವತ್ತೆರಡು ಮೂವತ್ಮೂರರ ಹೆಂಗಸು. ಕೆಳದಿಯಿಂದ ಆಚೆಗೆ ಒಂದು ಮೈಲಿ ನಡೆದರೆ ಅವಳ ಹಳ್ಳಿ. ಮೊದಲನೇ ಬಸ್ಸಿಗೆ ಅಬ್ಬಲಿಗೆ, ಜಾಜಿ ತಂದು, ಕಟ್ಟಿ ಮಾರಿ, ಸಂಜೆ ಬಸ್ಸಿಗೆ ವಾಪಸು. ಗಂಡ ಜಟ್ಟಪ್ಪ. ಅವನ ಅಪ್ಪ ಗೇಣಿಗೆ ಮಾಡುತ್ತಿದ್ದ ಒಂದೂವರೆ ಎಕರೆ ಗದ್ದೆ ಹೊಸ ಕಾನೂನು ಬಂದಮೇಲೆ ಇವರ ಹೆಸರಿಗೆ ಆಗಿತ್ತು. ಜಟ್ಟಪ್ಪ ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು. ಮನೆಯ ಪಾಲಿನ ಮಾತನ್ನೆಲ್ಲ ಮಾಸ್ತಮ್ಮನೇ ಆಡಬೇಕಿತ್ತು, ಅವಳಿಗೆ ಅದರಲ್ಲಿ ಬೇಸರವೇನೂ ಇರಲಿಲ್ಲ. ಗದ್ದೆಯ ಈ ಬದುವಿನಲ್ಲಿ ನಿಂತು ಕೂಗಿದರೆ ಆಚೆ ಗುಡ್ಡದ ದನ ಕಿವಿ ನಿಮಿರಿಸುವಂಥ ಕಂಠ ಅವಳದು. ಆದರೆ ಕರ್ಕಶ ಅಲ್ಲ. ಬಾವಿಗೆ ಬಿಟ್ಟ ಕೊಡ ತುಂಬುವಾಗ ಬರುತ್ತದಲ್ಲ, ಆ ಥರ ತುಂಬಿದ ದನಿ.

ಹೂವು ಕೊಳ್ಳುವವರು ಬಸ್ಸಿಗೆ ಬಂದವರೇ. "ಹೊಸನಗರದ್ದು ಹೋಯ್ತಾ?" "ಸೊರಬದ್ದು ಎಷ್ಟೊತ್ತಿಗೆ?" ಅಂತ ಕೇಳಿ ಕೇಳಿ, ಯಾವ ಬಸ್ಸು ಎಷ್ಟು ಹೊತ್ತಿಗೆ ಬರಬೇಕು, ನಿಜವಾಗಿ ಎಷ್ಟು ಹೊತ್ತಿಗೆ ಬರುತ್ತದೆ ಅನ್ನುವ ಎರಡು ಲೆಕ್ಕವೂ ಅವಳಿಗೆ ಬಾಯಿಪಾಠವಾಗಿತ್ತು.

ಎಪ್ಪತ್ತೆಂಟರ ಒಂದು ಗುರುವಾರ, ಸಂತೆಯ ದಿನ, ಬಸ್ ಸ್ಟ್ಯಾಂಡಿನ ಅರ್ಧ ಅಂಗಳವನ್ನು ಜಲ್ಲಿ ಹಾಕಲು ಅಗೆದಿದ್ದರು. ಹೊಸನಗರದ ಬಸ್ಸು ಒಳಗೆ ಬರಲಾಗದೆ ಆಚೆ ರಸ್ತೆಯಲ್ಲೇ ನಿಂತಿತು. ನಲವತ್ತು ಜನ ಮೂಟೆ, ಕೋಳಿ, ಮಕ್ಕಳು ಸಮೇತ ಹಳೆಯ ಜಾಗದಲ್ಲೇ ಕಾಯುತ್ತಿದ್ದರು. ಮಾಸ್ತಮ್ಮ ಬುಟ್ಟಿ ಬಿಟ್ಟು ದಡದಡನೆ ಮೆಟ್ಟಿಲು ಹತ್ತಿದಳು.

"ಸಾವ್ಕಾರ್ರೇ, ಹೊಸನಗರದ ಬಸ್ಸು ರಸ್ತೇಲಿ ನಿಂತೈತೆ. ಜನಕ್ಕೆ ಗೊತ್ತಿಲ್ಲ. ಹೇಳ್ರಿ ಬೇಗ."

ಮಂಜುನಾಥಪ್ಪ ಗುಂಡಿ ಒತ್ತಿದ. "ಮಾನ್ಯ ಪ್ರಯಾಣಿಕರ..." ಕೆಮ್ಮು. ಆಚೆ ಬಸ್ಸು ಹಾರನ್ ಹೊಡೆಯಿತು. ಮಂಜುನಾಥಪ್ಪ ಕೈಸೋತು ಮೈಕನ್ನು ಅವಳ ಕಡೆಗೇ ತಿರುಗಿಸಿದ. "ನೀನೇ ಹೇಳಿಬಿಡು ಮಾರಾಯ್ತಿ!"

ಅವಳಿಗೆ ಮೈಕು ಅಂದರೆ ಏನು ಅಂತ ಯೋಚಿಸಲು ಪುರುಸೊತ್ತು ಇರಲಿಲ್ಲ. "ಓಯ್, ಹೊಸನಗರದೋರೇ! ಅಲ್ಲಿ ಎಂತಕ್ಕೆ ನಿಂತೀರಿ? ಬಸ್ಸು ಆಚೆ ರಸ್ತೇಲಿ ಐತೆ. ಓಡಬ್ಯಾಡ್ರಿ, ಗುಂಡಿ ಐತೆ, ನೋಡ್ಕಂಡು ಹೋಗ್ರಿ. ಡ್ರೈವರ್ರೇ, ನೀವು ಒಂಚೂರು ತಡೀರಿ, ಒಬ್ಬ ಅಜ್ಜಿ ಕೋಳಿ ಹಿಡ್ಕಂಡು ಬರ್ತಾ ಅವ್ಳೆ."

ಎಂಟು ಕೊಂಬಿನಿಂದ ಏಕಕಾಲಕ್ಕೆ ಈ ಮಾತು ಹೊರಟು ಮಾರ್ಕೆಟ್ ರಸ್ತೆಯ ಕೊನೆಗೆ ಹೋಗಿ ಮುಟ್ಟಿತು. ಕ್ಷೌರದ ಅಂಗಡಿಯಲ್ಲಿ ಮುಖಕ್ಕೆ ನೊರೆ ಹಚ್ಚಿಸಿಕೊಂಡವರು ಕೂಡ ಎದ್ದು ಬಾಗಿಲಿಗೆ ಬಂದರು. ಬಸ್ ಸ್ಟ್ಯಾಂಡು ಪೂರ್ತಿ ನಕ್ಕಿತು. ಡ್ರೈವರು ನಿಜಕ್ಕೂ ತಡೆದ. ಅಜ್ಜಿಯೂ ಕೋಳಿಯೂ ಬಸ್ಸು ಹತ್ತಿದರು.

ಮರುದಿನದಿಂದ ಮಾಸ್ತಮ್ಮನ ಹೂವಿನ ಬುಟ್ಟಿ ಮೆಟ್ಟಿಲ ಬುಡದಿಂದ ಮಹಡಿಗೆ ಹೋಯಿತು. ಮೈಕಿನ ಮುಂದೆ ಕೂತು ಮಾಲೆ ಕಟ್ಟುವುದು, ಬಸ್ಸು ಬಂದರೆ ಹೇಳುವುದು. ಹೂವು ಬೇಕಾದವರು ಮೇಲೆ ಹತ್ತಿ ಬರುತ್ತಿದ್ದರು. ಮಂಜುನಾಥಪ್ಪ ತಿಂಗಳ ಸಂಬಳ ಅಂತ ಗೊತ್ತುಮಾಡಿದ. ನಾಲ್ಕನೇ ಕ್ಲಾಸಿನವರೆಗೆ ಓದಿದ್ದ ಮಾಸ್ತಮ್ಮ ಅಕ್ಷರ ಕೂಡಿಸಿಕೊಂಡು ನಿಧಾನಕ್ಕೆ ಓದುತ್ತಿದ್ದಳು, ಆದ್ದರಿಂದ ಚೀಟಿ ನೋಡಿ ಹೇಳುವ ಗೋಜಿಗೇ ಹೋಗದೆ ಬಾಯಿಗೆ ಬಂದಂತೆ ಹೇಳುತ್ತಿದ್ದಳು. ಅದೇ ಒಳ್ಳೆಯದಾಯಿತು.

ಜಾಹೀರಾತಿನ ವಿಷಯದಲ್ಲಿ ಮಾತ್ರ ಅವಳದೊಂದು ಹಟ. ಕಣ್ಣಾರೆ ನೋಡದ ಸಾಮಾನನ್ನು ಚೆನ್ನಾಗಿದೆ ಅನ್ನುತ್ತಿರಲಿಲ್ಲ. ಕೊಡೆ ಅಂಗಡಿಯವರು ಜಾಹೀರಾತು ಕೊಟ್ಟರೆ, ಮಧ್ಯಾಹ್ನ ಅಂಗಡಿಗೆ ಹೋಗಿ ಒಂದು ಕೊಡೆ ಬಿಚ್ಚಿಸಿ, ಮೇಲಿಂದ ಒಂದು ಬಿಂದಿಗೆ ನೀರು ಸುರಿಸಿ, ಕೆಳಗೆ ತಾನೇ ನಿಂತು ನೋಡಿ ಬರುತ್ತಿದ್ದಳು. ಒಮ್ಮೆ ಬಟ್ಟೆ ಅಂಗಡಿಯ ಜಾಹೀರಾತನ್ನು ಹೀಗೆ ಹೇಳಿದಳು: "ಹೊಸ ಸೀರೆ ಬಂದಾವೆ. ನಾನು ಹೋಗಿ ನೋಡ್ದೆ. ಕೆಂಪು ಭಾಳ ಚೆನ್ನಾಗೈತೆ. ಹಸಿರು ಅಷ್ಟಕ್ಕಷ್ಟೆ, ನೀರಿಗೆ ಹಾಕಿದ್ರೆ ಬಣ್ಣ ಬಿಡ್ತದೇನೋ ಅನ್ನಿಸ್ತು."

ಅಂಗಡಿಯ ಮಾಲೀಕ ಪಂಚೆ ಎತ್ತಿ ಕಟ್ಟಿ ಜಗಳಕ್ಕೇ ಬಂದ. "ದುಡ್ಡು ಕೊಟ್ಟು ಬೈಸಿಕೊಳ್ಳೋಕೆ ನನಗೇನು ಹುಚ್ಚಾ ಮಂಜುನಾಥಪ್ಪ?" ಮಂಜುನಾಥಪ್ಪ ಕೈ ಮುಗಿದು ಕಳಿಸಿದ. ಆದರೆ ಸಂಜೆಯೊಳಗೆ ಕೆಂಪು ಸೀರೆ ಒಂದೂ ಉಳಿಯಲಿಲ್ಲ. ಮಾಸ್ತಮ್ಮ ಹಸಿರನ್ನು ಚೆನ್ನಾಗಿಲ್ಲ ಅಂದಳು ಅಂದಮೇಲೆ ಕೆಂಪು ಚೆನ್ನಾಗಿದೆ ಅಂದದ್ದೂ ನಿಜವೇ ಅಂತ ಜನ ತಿಳಿದರು. ಮಾಲೀಕ ಹಸಿರಿನ ಬೆಲೆ ಇಳಿಸಿ, ಮರುದಿನ ತಾನಾಗಿ ಬಂದು, "ಇಳಿಸಿದ್ದೀನಿ ಅಂತ ಹೇಳು ಮಾಸ್ತಕ್ಕ" ಅಂದ. ಅವಳು ಮಾಸ್ತಕ್ಕ ಆದದ್ದು ಆವತ್ತಿನಿಂದ.

ಮೂರು ವರ್ಷ ಹೀಗೆ ಹಾಡು, ನಗು, ಬಸ್ಸು ಅಂತ ಕಳೆಯಿತು. ಎಂಬತ್ತೊಂದರಲ್ಲಿ ಗಣೇಶಮೂರ್ತಿ ಬಂದ.

ಗಣೇಶಮೂರ್ತಿ ಸಾಗರದವನೇ. ಬೆಂಗಳೂರಿನಿಂದ ಟೇಪ್ ರೆಕಾರ್ಡರು ತಂದು ಮಾರಿ ಕೈಗೆ ನಾಲ್ಕು ಕಾಸು ಕಂಡಿದ್ದ. ಬಸ್ ಸ್ಟ್ಯಾಂಡಿನ ಇನ್ನೊಂದು ತುದಿಯಲ್ಲಿ ಅವನು 'ಮಲೆನಾಡ ವಾಣಿ' ಅಂತ ಬೋರ್ಡು ಹಾಕಿ, ಹನ್ನೆರಡು ಹೊಸ ಕೊಂಬು ಕಟ್ಟಿಸಿದ. ಮಂಜುನಾಥಪ್ಪನ ಹತ್ತಿರ ಗೆರೆ ಬಿದ್ದ ಗ್ರಾಮಫೋನ್ ತಟ್ಟೆಗಳಿದ್ದರೆ ಗಣೇಶಮೂರ್ತಿಯ ಹತ್ತಿರ ಹೊಚ್ಚಹೊಸ ಕ್ಯಾಸೆಟ್ಟು. ಮಾತಾಡಲು ತೀರ್ಥಹಳ್ಳಿ ಕಡೆಯ ಚಂದ್ರಯ್ಯ ಅನ್ನುವ ಹುಡುಗನನ್ನು ಇಟ್ಟಿದ್ದ. ಚಂದ್ರಯ್ಯ ಬಿ.ಎ. ಮಾಡಿದವನು. ಮಾತು ಅಚ್ಚುಕಟ್ಟು, ವಾರ್ತೆ ಓದಿದ ಹಾಗೆ. "ಹೊಸನಗರ ಮಾರ್ಗವಾಗಿ ತೀರ್ಥಹಳ್ಳಿಗೆ ತೆರಳುವ ವಾಹನವು ಇದೀಗ ನಿಲ್ದಾಣವನ್ನು ಪ್ರವೇಶಿಸುತ್ತಿದೆ" ಅನ್ನುತ್ತಿದ್ದ. ಕೇಳಲು ಚೆನ್ನಾಗಿತ್ತು. ಅವನು ವಾಕ್ಯ ಮುಗಿಸುವ ಹೊತ್ತಿಗೆ ಬಸ್ಸು ಅರ್ಧ ತುಂಬಿರುತ್ತಿತ್ತು, ಅಷ್ಟೇ.

ಅಂಗಡಿಯವರಿಗೆ ಹಬ್ಬ. ಇವರ ಹತ್ತಿರ ಹೋಗಿ ಅವರು ಕಡಿಮೆಗೆ ಮಾಡುತ್ತಾರೆ ಅನ್ನುವುದು, ಅವರ ಹತ್ತಿರ ಹೋಗಿ ಇವರ ಹೆಸರು ಹೇಳುವುದು. ಇತ್ತ ಎರಡೂ ಕಡೆಯವರು ತಮ್ಮ ದನಿ ಮೇಲಿರಲಿ ಅಂತ ವಾಲ್ಯೂಮು ಏರಿಸುತ್ತ ಹೋದರು. ನಡು ಅಂಗಳದಲ್ಲಿ ನಿಂತರೆ ಬಲಗಿವಿಗೆ ಒಂದು ಹಾಡು, ಎಡಗಿವಿಗೆ ಇನ್ನೊಂದು. ಕಡಲೆಕಾಯಿ ಮಾರುವವರು ಕೈಸನ್ನೆಯಲ್ಲೇ ವ್ಯಾಪಾರ ಮಾಡಲು ಕಲಿತರು.

ಎಂಬತ್ತೆರಡರ ಮೇ ತಿಂಗಳ ಒಂದು ಬೆಳಿಗ್ಗೆ ಕೋಣಂದೂರಿಗೆ ಹೊರಟ ಮದುವೆ ದಿಬ್ಬಣವೊಂದು ಬಸ್ ಸ್ಟ್ಯಾಂಡಿನಲ್ಲಿತ್ತು. ಮಾಸ್ತಮ್ಮ "ಕೋಣಂದೂರಿನ ಬಸ್ಸು ಬಂತು, ದಿಬ್ಬಣದೋರು ಹತ್ರಿ" ಅಂದದ್ದೂ, ಚಂದ್ರಯ್ಯ "ಎಡಗಡೆಯಲ್ಲಿ ನಿಂತಿರುವ ವಾಹನವು" ಅಂದದ್ದೂ ಒಟ್ಟೊಟ್ಟಿಗೆ ಆಯಿತು. ಚಂದ್ರಯ್ಯ ಹೇಳುತ್ತಿದ್ದದ್ದು ಜೋಗದ ಬಸ್ಸಿನ ವಿಷಯ. ದಿಬ್ಬಣದವರ ಕಿವಿಗೆ ಅರ್ಧ ಅದು, ಅರ್ಧ ಇದು ಬಿದ್ದು, "ಕೋಣಂದೂರಿನ ಬಸ್ಸು ಎಡಗಡೆ" ಅಂತಾಯಿತು. ಮದುಮಗ, ಬಾಸಿಂಗ, ವಾಲಗದವರು ಎಲ್ಲರೂ ಜೋಗದ ಬಸ್ಸು ಹತ್ತಿದರು. ವಾಲಗದ ಗದ್ದಲದಲ್ಲಿ ಕಂಡಕ್ಟರು ಟಿಕೆಟ್ಟಿಗೆ ಬರುವ ಹೊತ್ತಿಗೆ ತಾಳಗುಪ್ಪ ದಾಟಿತ್ತು. ಲಾರಿ ಮಾಡಿಕೊಂಡು, ಮುಹೂರ್ತಕ್ಕೆ ಇನ್ನೇನು ಐದು ನಿಮಿಷ ಅನ್ನುವಾಗ ಕೋಣಂದೂರು ಮುಟ್ಟಿದರಂತೆ. ಮದುವೆಯೇನೋ ಸುಸೂತ್ರವಾಯಿತು. ಆದರೆ ಮದುಮಗನ ಸೋದರಮಾವ ಮಾರನೇ ದಿನವೇ ಪುರಸಭೆಗೆ ಬಂದು ಮೇಜು ಕುಟ್ಟಿದ.

ಪುರಸಭೆಯ ಅಧಿಕಾರಿ ಇಬ್ಬರನ್ನೂ ಕರೆಸಿ ಸಮಾಧಾನವಾಗಿಯೇ ಹೇಳಿದರು. "ಬರೋ ಏಪ್ರಿಲ್‌ನಿಂದ ಒಂದೇ ಪರವಾನಗಿ. ನೀವಿಬ್ಬರೂ ಮಾತಾಡಿಕೊಂಡು ಒಬ್ಬರಾಗಿ ಬನ್ನಿ. ಇಲ್ಲಾಂದ್ರೆ ಇಬ್ಬರದ್ದೂ ಬಂದ್."

ಮಂಜುನಾಥಪ್ಪ ಅಂಗಡಿಗೆ ಬಂದು ಕುರ್ಚಿಯಲ್ಲಿ ಕೂತು ಬೋಳುತಲೆ ಸವರಿಕೊಂಡ. "ಮಾಸ್ತಮ್ಮ, ನಾನು ಮಾರಿಬಿಡ್ತೀನಿ. ಈ ವಾಲ್ಯೂಮಿನಲ್ಲಿ ನನ್ನ ಕಿವಿ ಅರ್ಧ ಹೋಗಿದೆ. ರಿಪೇರಿ ಅಂಗಡಿ ಒಂದು ಸಾಕು ನನಗೆ."

ಮಾಸ್ತಮ್ಮನ ಕೈಯ ದಾರ ಅರ್ಧ ಗಂಟಿನಲ್ಲೇ ನಿಂತಿತು. ಆದರೂ, "ನಿಮ್ದು, ನೀವು ಮಾರ್ತೀರಿ. ನಾನು ಎಂತ ಹೇಳ್ಲಿ?" ಅಂದು ಮಾಲೆ ಕಟ್ಟುವುದನ್ನು ಮುಂದುವರಿಸಿದಳು. ಅವತ್ತು ಕಟ್ಟಿದ ಮಾಲೆಯ ಗಂಟುಗಳೆಲ್ಲ ಸಡಿಲ.

ನಾದಶ್ರೀ ಮಾರಾಟಕ್ಕಿದೆ ಅನ್ನುವ ಸುದ್ದಿ ಹರಡಿತು. ಗಣೇಶಮೂರ್ತಿ ಬರುತ್ತಾನೆ ಅಂತ ಎಲ್ಲರಿಗೂ ಗೊತ್ತಿತ್ತು. ಅವನಿಗಿಂತ ಮೊದಲು ತೀರ್ಥಹಳ್ಳಿಯಿಂದ ಜೀಪಿನಲ್ಲಿ ಕನ್ನಪ್ಪ ಬಂದ. ಕನ್ನಪ್ಪನದು ಟೆಂಟ್ ಸಿನಿಮಾ, ತೀರ್ಥಹಳ್ಳಿಯ ಹತ್ತಿರ ಒಂದು, ಹೊಸನಗರದಲ್ಲಿ ಒಂದು. ಸಾಗರದಲ್ಲೂ ಒಂದು ಹಾಕುವ ಆಲೋಚನೆಯಲ್ಲಿದ್ದ. ದಪ್ಪ ಮೀಸೆ, ಬಾಯಿ ತುಂಬ ಎಲೆಯಡಿಕೆ, ಎಲ್ಲದಕ್ಕೂ ನಗುವ ಮನುಷ್ಯ. ಕೊಂಬಿನ ಸುತ್ತ ಒಂದು ಸುತ್ತು ಹಾಕಿ ಬಂದು, ಮಹಡಿಯಲ್ಲಿ ಕೂತು ಒಂದು ಗಂಟೆ ಏನೂ ಮಾತಾಡದೆ ಮಾಸ್ತಮ್ಮನ ಮಾತು ಕೇಳಿದ. ಆಮೇಲೆ ಮಂಜುನಾಥಪ್ಪ ಹೇಳಿದ ಬೆಲೆಗೆ ಚೌಕಾಸಿಯಿಲ್ಲದೆ ಒಪ್ಪಿದ.

ಮುಂದಿನ ವಾರ ಕನ್ನಪ್ಪನ ಗುಮಾಸ್ತ ಕರಾರು ಪತ್ರ ಬರೆದು ತಂದ. ಮಂಜುನಾಥಪ್ಪ ಕನ್ನಡಕ ಹುಡುಕುತ್ತಿದ್ದಾಗ, ಪತ್ರ ಮಾಸ್ತಮ್ಮನ ಹೂವಿನ ಹಲಗೆಯ ಮೇಲಿತ್ತು. ಅವಳು ಸುಮ್ಮನೆ ಅಕ್ಷರ ಕೂಡಿಸತೊಡಗಿದಳು. ಹಾರನ್ ಎಂಟು. ಆಂಪ್ಲಿಫೈಯರ್ ಎರಡು. ಮೈಕ್ ಎರಡು. ವೈರು ಇಷ್ಟು ಗಜ. ಗ್ರಾಮಫೋನ್ ತಟ್ಟೆ ಇನ್ನೂರ ಹತ್ತು. ಅದರ ಕೆಳಗೆ: ಮಾತಾಡುವ ಹೆಂಗಸು, ಒಂದು.

ಅವಳು ಮತ್ತೊಮ್ಮೆ ಓದಿದಳು. ಅಷ್ಟೇ ಇತ್ತು. ಮೊದಲು ನಗು ಬಂತು. ಆಮೇಲೆ ಮುಖ ಬಿಸಿಯಾಯಿತು.

"ಸಾವ್ಕಾರ್ರೇ, ಇದರಾಗೆ ನಾನೂ ಇದೀನಿ."

"ಎಂತದು?"

"ತಟ್ಟೆ ಆದ್ಮೇಲೆ ನಾನು. ಒಂದು ಅಂತ ಬರದಾರೆ."

ಮಂಜುನಾಥಪ್ಪ ಪತ್ರ ಇಸಿದುಕೊಂಡು ಓದಿ ಕೆಂಪಗಾದ. "ಇದು ನಾನು ಬರೆಸಿದ್ದಲ್ಲ ಮಾಸ್ತಮ್ಮ, ಮಂಜುನಾಥನಾಣೆ." ಗುಮಾಸ್ತ ಮೇಲೆ ನೋಡಿದ, ಕೆಳಗೆ ನೋಡಿದ. ಕನ್ನಪ್ಪ ಮಾತ್ರ ನಗುತ್ತಲೇ, "ಅದರಲ್ಲಿ ತಪ್ಪೇನು? ಕೊಂಬಿನ ಜೊತೆ ನೀನೂ ಬರ್ತೀಯಲ್ಲ, ಅದಕ್ಕೇ ಬರೆದದ್ದು" ಅಂದ.

"ಕೊಂಬಿಗೆ ಕೇಳ್ದೆ ಬರೀಬಹುದು. ನನ್ನ ಯಾರು ಕೇಳಿದ್ರು?" ಅಂದಳು ಮಾಸ್ತಮ್ಮ. ದನಿ ಏರಿಸಲಿಲ್ಲ. ಏರಿಸದಿದ್ದದ್ದೇ ಮಂಜುನಾಥಪ್ಪನಿಗೆ ಹೆಚ್ಚು ತಾಕಿತು. "ಗದ್ದೆ ಕೈ ಬದಲಾದ್ರೆ ಉಳೋನೂ ಜೊತೇಲೇ ಕೈ ಬದಲಾಗ್ತಿದ್ದ, ನಮ್ಮ ಮಾವನ ಕಾಲದಾಗೆ. ಅದು ಮುಗೀತು ಅಂದ್ಕಂಡಿದ್ದೆ."

ಗುಮಾಸ್ತನ ಪೆನ್ನು ಇಸಿದುಕೊಂಡು ಆ ಸಾಲಿನ ಮೇಲೆ ಒಂದು ಗೆರೆ ಎಳೆದಳು. "ಈಗ ಸರಿಯಾಯ್ತು. ಮಾರ್ರಿ."

ಕನ್ನಪ್ಪ ಎಲೆಯಡಿಕೆ ಉಗಿದು ಬಂದು ಕೂತ. ಅವನ ನಗು ಈಗ ಬೇರೆ ಥರ ಇತ್ತು. "ಮಂಜುನಾಥಪ್ಪೋರೇ, ಬೇಜಾರು ಮಾಡ್ಕೋಬೇಡಿ. ಆ ಗೆರೆ ಎಳೆದ ಮೇಲೆ ಇಲ್ಲಿ ಉಳಿದದ್ದು ಎಂಟು ತಗಡು. ಅದಕ್ಕೆ ನಾನು ಅಷ್ಟು ಬೆಲೆ ಕೊಡಲ್ಲ." ಕೈ ಮುಗಿದು ಜೀಪು ಹತ್ತಿದ.

ಆವತ್ತು ಮಾಸ್ತಮ್ಮನಿಗೆ ಎರಡು ಥರದ ಭಾವ. ತನ್ನಿಂದ ಮಂಜುನಾಥಪ್ಪನ ವ್ಯಾಪಾರ ಕೆಟ್ಟಿತಲ್ಲ ಅನ್ನುವುದು ಒಂದು. ಇಷ್ಟು ವರ್ಷ ಕೊಂಬಿನ ಬೆಲೆ ಅಂದುಕೊಂಡದ್ದು ತನ್ನ ಬೆಲೆಯಾಗಿತ್ತೇ ಅನ್ನುವುದು ಇನ್ನೊಂದು. ಎರಡನೆಯದನ್ನು ಯೋಚಿಸುವಾಗ ನಾಚಿಕೆಯೂ ಆಯಿತು, ಒಳಗೊಳಗೇ ಖುಷಿಯೂ ಆಯಿತು. "ಸಾವ್ಕಾರ್ರೇ, ನಿಮಗೆ ನಷ್ಟ ಮಾಡ್ದೆ" ಅಂದಳು. ಮಂಜುನಾಥಪ್ಪ, "ಸುಮ್ನಿರು. ನಿನ್ನ ಮಾರೋಕೆ ನಾನು ಯಾರು?" ಅಂದು ಎರಡು ಟೀ ತರಿಸಿದ.

ಕಡೆಗೆ ಎಂಟು ಕೊಂಬನ್ನೂ ಪರವಾನಗಿಯನ್ನೂ ಗಣೇಶಮೂರ್ತಿ ಕೊಂಡ, ಕನ್ನಪ್ಪ ಹೇಳಿದ್ದಕ್ಕಿಂತ ಕಡಿಮೆಗೆ. ಮಾಸ್ತಮ್ಮನನ್ನು ಕೇಳಲಿಲ್ಲ. "ನಮ್ಮಲ್ಲಿ ಬಿ.ಎ. ಆದೋರು ಇದ್ದಾರೆ" ಅಂದನಂತೆ. ಮಾಸ್ತಮ್ಮ ಬುಟ್ಟಿ ಎತ್ತಿಕೊಂಡು ಮೆಟ್ಟಿಲಿಳಿದು ಹಳೆಯ ಜಾಗದಲ್ಲಿ ಕೂತಳು.

ಕೂತಳು ಅಂದರೆ ಕೂರಲು ಬಿಡಬೇಕಲ್ಲ. ತಲೆಯ ಮೇಲೆ ಇಪ್ಪತ್ತು ಕೊಂಬು ಚಂದ್ರಯ್ಯನ ಶುದ್ಧ ಕನ್ನಡವನ್ನು ಸುರಿಸುತ್ತಿದ್ದರೆ, ಜನ ಅದನ್ನು ಕೇಳಿಸಿಕೊಂಡು ಬಂದು, "ಮಾಸ್ತಕ್ಕ, ಅವ್ರು ಹೇಳಿದ್ದು ಯಾವ ಬಸ್ಸು?" ಅನ್ನುತ್ತಿದ್ದರು. ಅವಳು ಬುಟ್ಟಿಯ ಪಕ್ಕ ನಿಂತು ಕೂಗಿ ಹೇಳುತ್ತಿದ್ದಳು. ಕೊಡೆ ಅಂಗಡಿಯಲ್ಲಿ ಗಿರಾಕಿಗಳು, "ಇದನ್ನ ಮಾಸ್ತಕ್ಕ ನೋಡಿದಾರಾ?" ಅಂತ ಕೇಳುತ್ತಿದ್ದರಂತೆ. ಎರಡು ತಿಂಗಳಾಗುವಷ್ಟರಲ್ಲಿ ಜಾಹೀರಾತು ಒಂದೊಂದೇ ಉದುರಿತು. ಪೈಪೋಟಿ ಇಲ್ಲದ ಪೇಟೆಯಲ್ಲಿ ಗಣೇಶಮೂರ್ತಿ ಒಬ್ಬನೇ ಸೋಲತೊಡಗಿದ.

ಈ ನಡುವೆ ಕನ್ನಪ್ಪನ ಜೀಪು ಕೆಳದಿ ದಾಟಿ ಮಾಸ್ತಮ್ಮನ ಮನೆಯ ಅಂಗಳಕ್ಕೇ ಬಂದು ನಿಂತಿತು. ಕನ್ನಪ್ಪ ಈ ಸಲ ಜಗುಲಿಯಲ್ಲಿ ಕೂತು ನೇರವಾಗಿ ಕೇಳಿದ. "ತಂಗಿ, ಆವತ್ತು ಬರೆಸಿದ್ದು ತಪ್ಪು. ನನ್ನ ಸಿನಿಮಾಕ್ಕೆ ಜೀಪಿನಲ್ಲಿ ಕೂತು ಪ್ರಚಾರ ಮಾಡ್ತೀಯಾ? ವಾರಕ್ಕೆ ನಾಲ್ಕು ದಿನ. ಬೆಳಿಗ್ಗೆ ಕರ್ಕೊಂಡು ಹೋಗಿ ಸಂಜೆ ಬಿಡಿಸ್ತೀನಿ."

ಮಾಸ್ತಮ್ಮ ಗಂಡನ ಮುಖ ನೋಡಿದಳು. ಜಟ್ಟಪ್ಪ ಜೀಪಿನ ಸುತ್ತ ಒಂದು ಸುತ್ತು ಬಂದು, ಟೈರು ಒತ್ತಿ ನೋಡಿ, "ಗಟ್ಟಿ ಐತೆ" ಅಂದ. ಅದು ಒಪ್ಪಿಗೆ.

ಮೂರು ತಿಂಗಳು ಅವಳು ಹೊಸನಗರ, ರಿಪ್ಪನ್‌ಪೇಟೆ, ಕೋಣಂದೂರು, ತೀರ್ಥಹಳ್ಳಿ ಅಂತ ಸುತ್ತಿದಳು. ಹುಟ್ಟಿದಾಗಿನಿಂದ ನೋಡದ ಊರುಗಳು. ತುಂಗೆಯ ಕಮಾನು ಸೇತುವೆಯ ಮೇಲೆ ಜೀಪು ನಿಲ್ಲಿಸಿ, ಕೆಳಗೆ ಬಗ್ಗಿ ನೀರು ನೋಡಿದಳು. ಇಲ್ಲೂ ಅದೇ ಹಟ, ಸಿನಿಮಾ ನೋಡದೆ ಪ್ರಚಾರ ಮಾಡುವುದಿಲ್ಲ. ಕನ್ನಪ್ಪ ಅವಳೊಬ್ಬಳಿಗೋಸ್ಕರ ಹಗಲಲ್ಲೇ ಟೆಂಟಿನ ಪರದೆ ಬಿಗಿ ಮಾಡಿ ರೀಲು ಓಡಿಸಬೇಕಾಯಿತು. ಕೋಣಂದೂರು ಸಂತೆಯಲ್ಲಿ ಅವಳು ಹೇಳಿದ್ದು ಹೀಗೆ: "ಕತೆ ಚೆನ್ನಾಗೈತೆ. ಅತ್ತೆ ಪಾಲ್ಟು ಮಾಡಿದೋಳು ಅಳಿಸ್ತಾಳೆ, ಕಣ್ಣೊರ್ಸೋಕೆ ಸೆರಗು ತೊಳ್ಕಂಡು ಬರ್ರಿ. ನಡುವೆ ಸ್ವಲ್ಪ ಎಳೀತದೆ, ಆವಾಗ ಕಡಲೆಕಾಯಿ ತಿನ್ರಿ." ಟೆಂಟು ತುಂಬಿತು. ನಡುವೆ ಎಳೆಯುವ ಭಾಗ ಬಂದ ಕೂಡಲೇ ಟೆಂಟಿನ ಆ ಮೂಲೆಯಿಂದ ಈ ಮೂಲೆಗೆ ಕಡಲೆಕಾಯಿ ಸುಲಿಯುವ ಸದ್ದು ಕೇಳಿ ಕನ್ನಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕನಂತೆ.

ಗಣೇಶಮೂರ್ತಿ ಅವಳನ್ನು ಹುಡುಕಿಕೊಂಡು ಬಂದದ್ದು ಅದೇ ಸಂತೆಗೆ. ಬಸ್ಸಿನ ಧೂಳು ಕೊಡವಿಕೊಳ್ಳುತ್ತ ಜೀಪಿನ ಹತ್ತಿರ ನಿಂತ.

"ಮಾಸ್ತಮ್ಮ, ವಾಪಸು ಬಂದುಬಿಡು. ಮಂಜುನಾಥಪ್ಪ ಕೊಡ್ತಿದ್ದ ಸಂಬಳದ ಎರಡರಷ್ಟು ಕೊಡ್ತೀನಿ."

"ಮನೇಲಿ ಕೇಳಿ ಹೇಳ್ತೀನಿ" ಅಂದಳು.

ಆ ಭಾನುವಾರ ಗದ್ದೆಯ ಬದುವಿನ ಮೇಲೆ ಊಟದ ಗಂಟು ಬಿಚ್ಚುತ್ತ ವಿಷಯ ತೆಗೆದಳು. ಎರಡರಷ್ಟು ಸಂಬಳ, ಸಾಗರದಲ್ಲೇ ಕೆಲಸ, ಹೂವಿನ ವ್ಯಾಪಾರವೂ ನಡೆಯುತ್ತದೆ. ಒಪ್ಪಿಕೊಳ್ಳುವುದೇ ಸರಿ ಅಂತ ಅವಳಿಗೆ ಅನ್ನಿಸಿತ್ತು. ಜಟ್ಟಪ್ಪ ಕೈ ತೊಳೆದು, ಅನ್ನಕ್ಕೆ ಸಾರು ಕಲಸಿ, ಎರಡು ತುತ್ತು ತಿಂದ ಮೇಲೆ ಬಾಯಿ ಬಿಟ್ಟ.

"ನೆಲ ಅವ್ರದು, ದುಡಿಮೆ ನಮ್ದು ಅಂತ ನಮ್ಮಪ್ಪ ನಲವತ್ತು ವರ್ಷ ಉತ್ತ. ಚೆನ್ನಾಗೇ ನೋಡ್ಕಂಡ್ರು ಒಡೇರು. ಆದ್ರೂ ಇದು ನಂದು ಅಂತ ಒಂದಿನ ಅನ್ನಲಿಲ್ಲ ಅವ." ಇನ್ನೊಂದು ತುತ್ತು ತಿಂದ. "ಸಂಬಳ ಕೇಳಬ್ಯಾಡ. ಪಾಲು ಕೇಳು."

ಮಾಸ್ತಮ್ಮ ಬಡಿಸುವ ಸೌಟು ಹಿಡಿದು ಹಾಗೇ ಕೂತಳು. ಮದುವೆಯಾಗಿ ಹದಿನೈದು ವರ್ಷದಲ್ಲಿ ಒಂದೇ ಸಲಕ್ಕೆ ಅಷ್ಟು ಮಾತು ಅವಳು ಅವನ ಬಾಯಲ್ಲಿ ಕೇಳಿರಲಿಲ್ಲ.

ಗಣೇಶಮೂರ್ತಿಗೆ ಅವಳು ಹೇಳಿದ್ದು: ಲಾಭದಲ್ಲಿ ರೂಪಾಯಿಗೆ ನಾಲ್ಕಾಣೆ ಪಾಲು. ಕಣ್ಣಿಂದ ನೋಡದ ಸಾಮಾನಿಗೆ ಜಾಹೀರಾತಿಲ್ಲ. ವಾಲ್ಯೂಮು ಮನುಷ್ಯರು ಮಾತಾಡಿಕೊಳ್ಳುವಷ್ಟು ತಗ್ಗಿರಬೇಕು.

ಗಣೇಶಮೂರ್ತಿ ಸಿಡಿದುಬಿದ್ದ. "ಪಾಲಾ? ಕೊಂಬು ನಂದು, ವೈರು ನಂದು, ಪರವಾನಗಿ ನಂದು. ನಿಂದು ಎಂತ ಇದೆ ಇದರಲ್ಲಿ?"

"ಎಂತದೂ ಇಲ್ಲ ರಾಯ್ರೇ. ಹಂಗಾದ್ರೆ ನೀವು ಬಂದದ್ದೆಂತಕ್ಕೆ?" ಅಂದಳು ಮಾಸ್ತಮ್ಮ.

ಅವನು ಬಿರಬಿರನೆ ಹೊರಟುಹೋದ. ಹದಿನೈದು ದಿನ ಸುಳಿವಿಲ್ಲ. ಸರಿ, ಕೈತಪ್ಪಿತು ಅಂತ ಮಾಸ್ತಮ್ಮನೂ ಅಂದುಕೊಂಡಳು. ಗಂಡನ ಮಾತು ಕೇಳಿ ಕೆಟ್ಟೆನೇ ಅಂತ ಒಮ್ಮೆ ಅನ್ನಿಸಿದ್ದೂ ಉಂಟು. ಹದಿನಾರನೇ ದಿನ ಬೆಳಿಗ್ಗೆ ಅವಳ ಬುಟ್ಟಿಯ ಮುಂದೆ ಬಂದು ಕೂತದ್ದು ಗಣೇಶಮೂರ್ತಿಯಲ್ಲ, ಚಂದ್ರಯ್ಯ.

"ಅಕ್ಕ, ನೀವು ಬಂದುಬಿಡಿ" ಅಂದ. ಕೆಳಗೆ ಕೂತು ಮಾತಾಡುವಾಗ ಅವನ ಕನ್ನಡ ಎಲ್ಲರ ಹಾಗೇ ಇತ್ತು. "ನನಗೆ ಹೈಸ್ಕೂಲಲ್ಲಿ ಕೆಲಸ ಸಿಕ್ಕಿದೆ, ಊರ ಹತ್ರಾನೇ. ನಾನು ಹೋದ್ರೆ ಇವರು ಇನ್ನೊಬ್ಬನ್ನ ಹುಡುಕಬೇಕು. ಯಾರು ಬಂದ್ರೂ ನನ್ನ ಗತಿಯೇ. ಮೊನ್ನೆ ಅರ್ಧ ಗಂಟೆ ಮೈಕು ಕೆಟ್ಟಿತ್ತು, ನಾನು ಮಾತಾಡ್ತಾನೇ ಇದ್ದೆ. ಕೆಟ್ಟಿದೆ ಅಂತ ಹೇಳೋಕೆ ಒಬ್ಬರೂ ಬರಲಿಲ್ಲ."

ಮಾಸ್ತಮ್ಮನಿಗೆ ನಗು ತಡೆಯಲಾಗಲಿಲ್ಲ, ಚಂದ್ರಯ್ಯನೂ ನಕ್ಕ. "ನಾನು ಅವರಿಗೆ ಹೇಳಿದೀನಿ. ಅವರೂ ಒಪ್ಪಿದಾರೆ. ಬಾಯಿಬಿಟ್ಟು ಹೇಳೋಕೆ ಸಂಕೋಚ, ನನ್ನ ಕಳಿಸಿದ್ರು." ಅವಳು ಅವನ ಕೈಗೆ ಒಂದು ಮೊಳ ಜಾಜಿ ಕೊಟ್ಟು, "ಹೊಸ ಶಾಲೆಗೆ ಹೋಗೋ ದಿನ ದೇವ್ರಿಗೆ ಏರ್ಸಿ ಹೋಗು ತಮ್ಮಾ" ಅಂದಳು.

ಕನ್ನಪ್ಪನಿಗೆ ಹೇಳಿ ಅವಳು ಜೀಪಿನ ಕೆಲಸ ಬಿಟ್ಟಳು. ಹೀಗೆ ಪಾಲುದಾರಿಕೆ ಪತ್ರವಾಯಿತು. ಮಂಜುನಾಥಪ್ಪನ ರಿಪೇರಿ ಅಂಗಡಿಯಲ್ಲೇ, ಅವನೇ ಸಾಕ್ಷಿ. ಗಣೇಶಮೂರ್ತಿ ತರಿಸಿದ ಕಾಫಿ ಆರಿ ತಣ್ಣಗಾಯಿತು, ಮಾಸ್ತಮ್ಮ ಇನ್ನೂ ಎರಡನೇ ಪುಟದಲ್ಲಿದ್ದಳು. ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸುತ್ತ ಗಟ್ಟಿಯಾಗಿ ಓದಿದಳು. ಗಣೇಶಮೂರ್ತಿ, "ನಾನು ಓದಿ ಹೇಳ್ಲಾ?" ಅಂದರೆ, "ಬ್ಯಾಡ, ನಂದೇನು ಬಸ್ಸು ಹೋಗಲ್ಲ" ಅಂದಳು. ಒಂದು ಗಂಟೆಯ ಮೇಲೆ, "ಎಲ್ಲಾ ಸರಿ ಐತೆ" ಅಂದು ಮಾಸ್ತಮ್ಮ ಕೋಂ ಜಟ್ಟಪ್ಪ ಅಂತ ದುಂಡಗೆ ಸಹಿ ಹಾಕಿದಳು. ಮಂಜುನಾಥಪ್ಪ ಕಿವಿಗೆ ಕೈ ಹಿಡಿದು, "ಓದಿದ್ದು ಎಲ್ಲಾ ಕೇಳಿಸ್ತು ನನಗೆ. ಸಾಕ್ಷಿ ಹಾಕ್ಬಹುದು" ಅಂದ.

ಎಂಬತ್ಮೂರರ ಏಪ್ರಿಲ್ ಮೊದಲ ವಾರ ಪರವಾನಗಿಗೆ ಇಬ್ಬರೂ ಪುರಸಭೆಗೆ ಹೋದರು. ಅರ್ಜಿ ತೆಗೆದುಕೊಂಡ ಗುಮಾಸ್ತ ಎರಡು ಹೆಸರು ನೋಡಿ, "ಈಯಮ್ಮ ನಿಮಗೇನಾಗ್ಬೇಕು ಮೂರ್ತಿಗಳೇ?" ಅಂತ ಕೇಳಿದ. ಗಣೇಶಮೂರ್ತಿ ಸ್ವಲ್ಪ ಹೊತ್ತು ಪದ ಹುಡುಕಿದ. "ಪಾಲುದಾರರು" ಅಂದ. ಹೊರಗೆ ಬಂದ ಮೇಲೆ ಮಾಸ್ತಮ್ಮ, "ಅಷ್ಟು ಕಷ್ಟ ಪಟ್ರಲ್ಲ ರಾಯ್ರೇ, ಗಂಟ್ಲು ಕಟ್ಟಿತಾ?" ಅಂದಳು. ಇಬ್ಬರೂ ಮೆಟ್ಟಿಲ ಮೇಲೆ ನಿಂತು ನಕ್ಕರು.

ಆಮೇಲೆ ಜಗಳವಾಗಲಿಲ್ಲ ಅಂತಲ್ಲ. ವಾರಕ್ಕೆರಡು ಆಗುತ್ತಿತ್ತು. ಗಣೇಶಮೂರ್ತಿ ವಾಲ್ಯೂಮು ಏರಿಸುವುದು, ಅವಳು ಇಳಿಸುವುದು. ಒಮ್ಮೆ ಅವನ ಭಾವನ ಟಾರ್ಚ್ ಅಂಗಡಿಯ ಟಾರ್ಚು ಚೆನ್ನಾಗಿಲ್ಲ ಅಂತ ಅವಳು ಜಾಹೀರಾತು ವಾಪಸು ಮಾಡಿದಾಗ ಎರಡು ದಿನ ಮಾತೇ ಇರಲಿಲ್ಲ. ಮೂರನೇ ದಿನ, ಅದೇ ಅಂಗಡಿಯಿಂದ ತಂದಿದ್ದ ಅವನ ಮನೆಯ ಟಾರ್ಚೇ ಕೆಟ್ಟುಹೋಗಿ ಮಾತು ಶುರುವಾಯಿತು. ಅಂಗಡಿಗಳು ಒಂದೊಂದೇ ವಾಪಸು ಬಂದವು. ಇಪ್ಪತ್ತರಲ್ಲಿ ಹತ್ತು ಕೊಂಬು ಸಾಕಾಯಿತು. ಸಾಗರದಲ್ಲಿ ಟಿ.ವಿ. ಬಂದು ಮನೆಮನೆಯ ಛಾವಣಿಯ ಮೇಲೆ ಮೀನಿನ ಮುಳ್ಳಿನಂಥ ಆಂಟೆನಾ ಎದ್ದಾಗ ಇನ್ನು ಕೊಂಬಿನ ಕಾಲ ಮುಗಿಯಿತು ಅಂದವರಿದ್ದರು. ಟಿ.ವಿ. ಡೆಲ್ಲಿಯ ಸುದ್ದಿ ಹೇಳುತ್ತಿತ್ತು. ಸೊರಬದ ಬಸ್ಸು ಪಂಕ್ಚರ್ ಆಗಿ ಉಳವಿಯಲ್ಲಿ ನಿಂತಿದೆ ಅಂತ ಹೇಳುತ್ತಿರಲಿಲ್ಲ.

ಮಾಸ್ತಮ್ಮನ ಪಾಲಿನ ದುಡ್ಡಿನಲ್ಲಿ ಒಂದು ಜೊತೆ ಎತ್ತು ಬಂತು, ಮನೆಗೆ ಹೆಂಚು ಬಂತು. ಎಂಬತ್ತೇಳರಲ್ಲಿ ಹೊಸನಗರದ ಬಸ್ ಸ್ಟ್ಯಾಂಡಿನಲ್ಲೂ ನಾಲ್ಕು ಕೊಂಬು ಹಾಕುವುದು ಅಂತ ಮಾಸ್ತಮ್ಮನೇ ಹಟ ಹಿಡಿದಳು. ಗಣೇಶಮೂರ್ತಿ, "ಅಲ್ಲಿ ಎಂತ ವ್ಯಾಪಾರ ಇದೆ?" ಅಂತ ಗೊಣಗಿದ. ಅಣೆಕಟ್ಟಿನ ಹಿನ್ನೀರು ಬಂದು ಅರ್ಧ ದಾರಿಗಳೇ ಬದಲಾದ ಊರು, ಅಲ್ಲಿ ಯಾವ ಬಸ್ಸು ಎಲ್ಲಿಗೆ ಅಂತ ಹೇಳುವವರು ಸಾಗರಕ್ಕಿಂತ ಹೆಚ್ಚು ಬೇಕು ಅನ್ನುವುದು ಅವಳ ವಾದ. ಅಲ್ಲಿಯದರಲ್ಲಿ ಅರ್ಧ ಪಾಲು ತನ್ನದು ಅಂತಲೂ ಮೊದಲೇ ಹೇಳಿಟ್ಟಳು.

ವೈರು ಎಳೆಯುವ ಮೊದಲು ಅವಳೊಬ್ಬಳೇ ಹೊಸನಗರಕ್ಕೆ ಹೋಗಿ, ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಬೆಳಿಗ್ಗೆಯಿಂದ ಸಂಜೆಯವರೆಗೆ ಎರಡು ದಿನ ಕೂತಳು. ಬಸ್ ಏಜೆಂಟ್ ಧರ್ಮಪ್ಪ ಅನ್ನುವವನು ಎರಡನೇ ದಿನ ಮಧ್ಯಾಹ್ನ ತಡೆಯಲಾರದೆ ಹತ್ತಿರ ಬಂದ.

"ನಿನ್ನೆಯಿಂದ ಕೂತಿದ್ದೀರಿ. ಯಾವ ಬಸ್ಸಿಗೂ ಹತ್ತಲಿಲ್ಲ. ಎಂತ ಸಮಾಚಾರ ಅಮ್ಮಾ?"

"ನಿಮ್ಮೂರಿನ ಬಸ್ಸು ಎಷ್ಟೊತ್ತಿಗೆ ಬರ್ತಾವೆ ಅಂತ ಕಲೀತಾ ಇದೀನಿ."

"ಅದಕ್ಕೆ ಎರಡು ದಿನ ಯಾಕೆ? ಗೋಡೆ ಮೇಲೆ ಬರೆದಿದೆಯಲ್ಲ."

"ಗೋಡೇಲಿ ಬರದಿದ್ದು ಓದ್ದೆ. ನಿಟ್ಟೂರಿಂದು ಹನ್ನೊಂದಕ್ಕೆ ಅಂತ ಐತೆ. ನಿನ್ನೆ ಹನ್ನೊಂದೂ ಮುಕ್ಕಾಲು, ಇವತ್ತು ಹನ್ನೆರಡು. ಯಾವ್ದನ್ನ ನಂಬ್ಲಿ?"

ಧರ್ಮಪ್ಪ ಸುತ್ತಮುತ್ತ ನೋಡಿದ. ಟಿಕೆಟ್ ಪುಸ್ತಕ ಬಗಲಿಗೆ ಸೇರಿಸಿ, ಧೋತರ ಮಡಚಿಕೊಂಡು, ಬೆಂಚಿನ ಇನ್ನೊಂದು ತುದಿಯಲ್ಲಿ ಕೂತ. "ಆ ಡ್ರೈವರ್ರು ದಾರೀಲಿ ಮಾವನ ಮನೇಲಿ ಕಾಫಿ ಕುಡೀತಾರೆ ಅಮ್ಮಾ" ಅಂದ ದನಿ ತಗ್ಗಿಸಿ. "ಮೊದ್ಲಿಂದ ಹೇಳ್ತೀನಿ, ಕೇಳಿ."